ದೊರೆಯ ಲಗಾಮು

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಕಟ್ಟಿದವರು ಕುದುರೆ ಹತ್ತಿದವರಲ್ಲ. ಹತ್ತಿದವರಿಗೆ ನೋವು ಬರುವುದು ಒಳತೊಡೆಗೆ, ಸೊಂಟಕ್ಕೆ, ಆಮೇಲೆ ನಿಧಾನವಾಗಿ ಸ್ವಾಭಿಮಾನಕ್ಕೆ. ಮೊದಲೆರಡಕ್ಕೆ ಬಿಸಿನೀರಿದೆ, ನೋವಿನೆಣ್ಣೆಯಿದೆ. ಮೂರನೆಯದಕ್ಕೆ ಮಾತ್ರ ಮತ್ತೆ ಕುದುರೆಯನ್ನೇ ಹತ್ತಬೇಕು.

ಬೆಂಗಳೂರಿನ ಸುತ್ತಮುತ್ತ ಸವಾರಿ ಕಲಿಸುವ ಕಡೆ ಲಾಯಕ್ಕೆ ಹೋಗಿ ನೋಡಿ. ಅಲ್ಲಿರುವ ಕುದುರೆಗಳಲ್ಲಿ ಬಹಳಷ್ಟು ರೇಸಿನಿಂದ ನಿವೃತ್ತವಾದವು. ನಿವೃತ್ತಿ ಎಂದ ಕೂಡಲೇ ನಮ್ಮ ಕಣ್ಣಿಗೆ ಪಾರ್ಕಿನ ಬೆಂಚು, ಮಂಕಿಟೋಪಿ ಬರುತ್ತವೆ. ಕುದುರೆಗಳ ಲೆಕ್ಕ ಬೇರೆ. ರೇಸಿನ ಥರೋಬ್ರೆಡ್ ತಳಿಯ ಕುದುರೆ 2ನೇ ವಯಸ್ಸಿಗೇ ಓಡಲು ಶುರುಮಾಡಿ, ಬಹುಪಾಲು 10 ತುಂಬುವ ಮೊದಲೇ ರೇಸು ಮುಗಿಸಿರುತ್ತದೆ. ಆಯುಸ್ಸೋ 25ರಿಂದ 30 ವರ್ಷ. ತುಂಬು ಯೌವನದಲ್ಲಿ ಪಿಂಚಣಿ ಪಡೆದು, ಹೊಟ್ಟೆತುಂಬ ತಿಂದು, ದಿನವಿಡೀ ನಿಂತೇ ಇರುವ ಸುಮಾರು 500 ಕೆಜಿಯ ಈ ನಿವೃತ್ತರ ಬೆನ್ನಮೇಲೆ, ಮಂಡಿನೋವಿನ ವಯಸ್ಸಿಗೆ ಹೊಸ ಹವ್ಯಾಸ ಹುಡುಕಿಕೊಂಡು ಹೋದ ನನ್ನಂಥವರನ್ನು ಕೂರಿಸುತ್ತಾರೆ. “ಸ್ಕೂಟರು ಸಾಕಾಗಿರಲಿಲ್ವಾ?” ಎಂದು ಮನೆಯಲ್ಲಿ ಕೇಳಿದ್ದಕ್ಕೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ.

ನನ್ನ ಪಾಲಿಗೆ ಬಂದದ್ದು ಹಣೆಯಲ್ಲಿ ಬಿಳಿಚುಕ್ಕೆಯಿರುವ ಕಂದು ಕುದುರೆ. ರೇಸು ಪುಸ್ತಕದಲ್ಲಿ ಅದಕ್ಕೇನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತಂತೆ. ಲಾಯದಲ್ಲಿ ಎಲ್ಲರ ಬಾಯಲ್ಲೂ ‘ದೊರೆ’. ಹೆಸರಿಗೆ ತಕ್ಕ ನಡವಳಿಕೆ. ಎಡಕ್ಕೆ ಎಂದರೆ ಒಂದು ಕಿವಿಯನ್ನು ಹಿಂದೆ ತಿರುಗಿಸಿ ಅರ್ಜಿ ಸ್ವೀಕರಿಸುತ್ತಿತ್ತು. ತೀರ್ಪು ಅದರ ಅನುಕೂಲದಂತೆ ಬರುತ್ತಿತ್ತು. ಒಂದು ಬೆಳಿಗ್ಗೆ ಬೇಲಿಯಾಚೆ ಯಾರೋ ಪ್ಲಾಸ್ಟಿಕ್ ಚೀಲ ಕೊಡವಿದರು. ಅಷ್ಟೇ ನೆಪ, ದೊರೆ ಹೊರಟಿತು. ನಾನೂ ಹೊರಟೆ, ನನ್ನನ್ನು ಯಾರೂ ಕೇಳಲಿಲ್ಲ. ಎರಡೂ ಕೈಯಿಂದ ಲಗಾಮು ಎಳೆದೆ. ಎಳೆದಷ್ಟೂ ವೇಗ ಏರಿತು. ಅಂಗಳಕ್ಕೆ ಎಷ್ಟು ಸುತ್ತು ಹಾಕಿದೆವೋ, ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೊನೆಗೆ ದೊರೆಗೇ ಬೇಸರವಾಗಿ ನಿಂತಿತು. ಕುದುರೆಗಳನ್ನು ನೋಡಿಕೊಳ್ಳುವ ವಯಸ್ಸಾದ ಸಾಯಿಸ್ ಒಬ್ಬರು ಅವಸರವಿಲ್ಲದೆ ನಡೆದುಬಂದು ಕುದುರೆಯ ಕುತ್ತಿಗೆ ತಟ್ಟಿದರು. ನನ್ನದನ್ನಲ್ಲ.

“ಅಷ್ಟು ಗಟ್ಟಿಯಾಗಿ ಯಾಕ್ ಹಿಡ್ಕೊಂಡ್ರಿ ಸಾರ್? ನೀವು ಹಿಡಿದಷ್ಟೂ ಅದಕ್ಕೆ ಉಮೇದು.”

ಅವರು ಹೇಳಿದ್ದರ ಹಿಂದೆ ರೇಸಿನ ಇಡೀ ವಿದ್ಯೆಯಿದೆ. ಜಾಕಿ ರಿಕಾಬಿನ ಮೇಲೆ ನಿಂತು, ಮುಂದಕ್ಕೆ ಬಾಗಿ, ಲಗಾಮನ್ನು ಗಿಡ್ಡಮಾಡಿ ಬಿಗಿಯಾಗಿ ಹಿಡಿದಿರುತ್ತಾನೆ. ಕುದುರೆ ಕಡಿವಾಣದ ಮೇಲೆ ಭಾರಹಾಕಿ, ಆ ಆಸರೆಯಲ್ಲೇ ಓಡುವುದನ್ನು ಕಲಿತಿರುತ್ತದೆ. ಈಗ ಹೆದರಿದ ಹೊಸ ಸವಾರ ಏನು ಮಾಡುತ್ತಾನೆ? ಮುಂದಕ್ಕೆ ಬಾಗುತ್ತಾನೆ, ಮಂಡಿ ಬಿಗಿಯುತ್ತಾನೆ, ಹಿಮ್ಮಡಿ ಮೇಲೆತ್ತುತ್ತಾನೆ, ಲಗಾಮನ್ನು ಎದೆಗೆಳೆದುಕೊಳ್ಳುತ್ತಾನೆ. ಪ್ರಾಣಭಯದಲ್ಲಿ ತಾನೇ ತಾನಾಗಿ ಬರುವ ಭಂಗಿ ಅಪ್ಪಟ ಜಾಕಿಯದು! ಕುದುರೆಗೆ ಸಂದೇಶ ಸ್ಪಷ್ಟವಾಗಿ ತಲುಪುತ್ತದೆ: ಯಜಮಾನರಿಗೆ ತುಂಬಾ ಅವಸರವಿದೆ. ದೊರೆಯನ್ನು ಹಟಮಾರಿ ಎನ್ನುವವರ ಬಗ್ಗೆ ಅಂದಿನಿಂದ ನನಗೆ ಸಣ್ಣ ತಕರಾರಿದೆ. ಅದು ಆ ಬೆಳಿಗ್ಗೆ ಹೇಳಿದ ಮಾತು ಕೇಳಿದ ಅತ್ಯಂತ ವಿಧೇಯ ಪ್ರಾಣಿ.

ಬಲಪರೀಕ್ಷೆಗೆ ಇಳಿದರೆ ಸೋಲು ಖಚಿತ. 70 ಕೆಜಿಯವರು 500 ಕೆಜಿಯ ಎದುರು ಎಳೆದು ಗೆಲ್ಲುವುದು ಯಾವ ಗಣಿತದಲ್ಲೂ ಇಲ್ಲ. ಆಗ ಕೆಲವರಿಗೆ ಹೊಳೆಯುವ ಉಪಾಯ ಇನ್ನೂ ಕಠಿಣವಾದ ಕಡಿವಾಣ. ಕುದುರೆಯ ಮುಂಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವೊಂದಿದೆ. ಕಡಿವಾಣ ಕೂರುವುದು ಅಲ್ಲಿ, ಎಲುಬಿನ ಮೇಲಿನ ತೆಳ್ಳನೆಯ ವಸಡಿನ ಮೇಲೆ. ನೋವಾದರೆ ಓಡಿ ತಪ್ಪಿಸಿಕೊಳ್ಳುವುದು ಈ ಪ್ರಾಣಿಯ ಹುಟ್ಟುಗುಣ. ಓಡುವುದನ್ನು ನಿಲ್ಲಿಸಲು ಓಡಿಸುವಂಥದ್ದನ್ನೇ ಬಾಯಿಗಿಡುವ ಈ ಬುದ್ಧಿವಂತಿಕೆಯನ್ನು ನಾನು ಎಷ್ಟು ಕಡೆ ಕಂಡಿದ್ದೇನೆಂದರೆ, ಲಾಯದ ಗೋಡೆಯಲ್ಲಿ ನೇತುಹಾಕಿದ ಉದ್ದತೋಳಿನ ಕಠಿಣ ಕಡಿವಾಣಗಳನ್ನು ಎಣಿಸಿ ಅಲ್ಲಿನ ಗುರುಗಳ ಯೋಗ್ಯತೆ ಅಳೆಯುವ ಕೆಟ್ಟ ಚಾಳಿ ಅಂಟಿಕೊಂಡಿದೆ.

ಸಾಯಿಸ್ ಹೇಳಿಕೊಟ್ಟದ್ದು ಇಷ್ಟು. ಎರಡೂ ಕಡೆ ಸಮನಾಗಿ ಎಳೆದರೆ ಕುದುರೆ ಕುತ್ತಿಗೆ ಸೆಟೆಸಿ ಎದುರು ನಿಲ್ಲುತ್ತದೆ. ಒಂದೇ ಬದಿಗೆ ಬಾಗಿಸಿದರೆ ಸೆಟೆಯಲು ಆಗುವುದಿಲ್ಲ. ಕುದುರೆಯ ಎಂಜಿನ್ನು ಹಿಂಗಾಲಿನಲ್ಲಿದೆ. ಮೂತಿ ಪಕ್ಕಕ್ಕೆ ತಿರುಗಿದಾಗ ಹಿಂಗಾಲುಗಳು ಒಂದನ್ನೊಂದು ದಾಟಿ ಹೆಜ್ಜೆಯಿಡಬೇಕಾಗುತ್ತದೆ, ನೂಕುವ ಶಕ್ತಿ ಕರಗುತ್ತದೆ. ಆದರೆ ಇದನ್ನು ನಾಗಾಲೋಟದ ನಡುವೆ ಗಕ್ಕನೆ ಮಾಡಿದರೆ ಕುದುರೆಯೂ ಸವಾರನೂ ಒಟ್ಟಿಗೆ ನೆಲ ಕಾಣುವ ಅಪಾಯವಿದೆ. ಓಟದಲ್ಲಿರುವಾಗ ದೊಡ್ಡ ವೃತ್ತಕ್ಕೆ ತಿರುಗಿಸಿ, ಅದನ್ನೇ ಸುತ್ತುಸುತ್ತಿಗೆ ಕಿರಿದುಮಾಡಿಕೊಂಡು ಬರಬೇಕು. ಅದಕ್ಕೆ ಬಯಲು ಬೇಕು, ಬಯಲಿಗಿಂತ ಹೆಚ್ಚಾಗಿ ವ್ಯವಧಾನ ಬೇಕು.

ಅಲೆಗ್ಸಾಂಡರನೂ ಹುಡುಗನಾಗಿದ್ದಾಗ ಬುಸೆಫಲಸ್ ಎಂಬ ಪುಂಡ ಕುದುರೆಯನ್ನು ಒಲಿಸಿದ್ದು ತಿರುಗಿಸಿಯೇ. ಅದು ಬೆದರುತ್ತಿರುವುದು ತನ್ನ ನೆರಳಿಗೆ ಎಂದು ಹುಡುಗ ಗಮನಿಸಿ, ಲಗಾಮು ಹಿಡಿದು ಅದರ ಮುಖವನ್ನು ಸೂರ್ಯನ ಕಡೆಗೆ ಮಾಡಿದ ಎಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆದಿದ್ದಾನೆ. ಇದನ್ನು ಶೌರ್ಯದ ಕಥೆಯಾಗಿ ಹೇಳುವವರೇ ಹೆಚ್ಚು. ನನ್ನ ಕಣ್ಣಿಗೆ ಇದು, ಕುದುರೆ ಯಾವುದಕ್ಕೆ ಹೆದರಿದೆ ಎಂದು ನೋಡುವ ಪುರುಸೊತ್ತು ಒಬ್ಬನಿಗಾದರೂ ಇತ್ತಲ್ಲ ಎಂಬ ಕಥೆ.

ಲಗಾಮಿನದು ಹಿಡಿ–ಬಿಡುವಿನ ಆಟ. ಒಗೆದ ಆರು ಗಜದ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಮಡಚುವುದನ್ನು ನೆನೆಯಿರಿ: ಸುಕ್ಕು ಹೋಗುವಷ್ಟು ಸೆಳೆತ ಇರಬೇಕು, ಎದುರಿನವರು ಮುಗ್ಗರಿಸುವಷ್ಟಲ್ಲ. ಒಂದು ಕ್ಷಣ ಕೇಳಬೇಕು, ಕುದುರೆ ಕೂದಲೆಳೆಯಷ್ಟು ನಿಧಾನಿಸಿದರೂ ತಕ್ಷಣ ಸಡಿಲಿಸಬೇಕು. ಆ ಸಡಿಲವೇ ಅದಕ್ಕೆ ಬಹುಮಾನ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕುದುರೆಸವಾರಿಯ ಬಗ್ಗೆ ಪುಸ್ತಕ ಬರೆದ ಗ್ರೀಕ್ ಸೇನಾನಿ ಕ್ಸೆನೊಫನ್ ಕೂಡ ಬಿಸಿರಕ್ತದ ಕುದುರೆಗೆ ಒರಟಾಗಿ, ಹಠಾತ್ತನೆ ಏನನ್ನೂ ಮಾಡಬಾರದು, ಸಿಟ್ಟಿನಲ್ಲಿ ಅದರ ಹತ್ತಿರ ಸುಳಿಯಲೇಬಾರದು ಎನ್ನುತ್ತಾನೆ. ನಮ್ಮ ಸಾಯಿಸ್ ಕ್ಸೆನೊಫನ್‌ನನ್ನು ಓದಿಲ್ಲ. ಓದಿದ್ದರೆ ಇದರಲ್ಲೇನಿದೆ ಹೊಸದು ಎಂದು ಕೇಳುತ್ತಿದ್ದರು.

ಕುದುರೆಯ ವಿಷಯದಲ್ಲಿ ನನಗೆ ಆಪ್ತನಾದ ಪುರಾಣಪುರುಷ ನಳನಲ್ಲ, ಋತುಪರ್ಣ. ದಮಯಂತಿಯ ಎರಡನೇ ಸ್ವಯಂವರಕ್ಕೆಂದು ಹೊರಟ ರಾಜನ ಉತ್ತರೀಯ ರಥದಿಂದ ಹಾರಿಹೋಯಿತು. ನಿಲ್ಲಿಸಯ್ಯ, ತೆಗೆದುಕೊಳ್ಳೋಣ ಎಂದರೆ ಬಾಹುಕನ ವೇಷದ ನಳ, ಅದು ಆಗಲೇ ಒಂದು ಯೋಜನ ಹಿಂದೆ ಬಿದ್ದಾಯಿತು ಎಂದನಂತೆ. ಪ್ಲಾಸ್ಟಿಕ್ ಚೀಲದ ಬೆಳಿಗ್ಗೆ ನನ್ನ ಕನ್ನಡಕದ ಗತಿಯೂ ಅದೇ. ದಾರಿಯಲ್ಲಿ ರಾಜ ತನ್ನ ಜೂಜಿನ ವಿದ್ಯೆಯಾದ ಅಕ್ಷಹೃದಯವನ್ನು ನಳನಿಗೆ ಕೊಟ್ಟ. ಬದಲಿಗೆ ಬರಬೇಕಾಗಿದ್ದ ಕುದುರೆಯ ವಿದ್ಯೆ ಅಶ್ವಹೃದಯ ಸದ್ಯಕ್ಕೆ ನಿನ್ನಲ್ಲೇ ಇರಲಿ ಎಂದ. ಆ ವೇಗ ಕಂಡಮೇಲೆ ಅವನ ಜಾಗದಲ್ಲಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ.

ಸವಾರನ ಪುಕ್ಕಲು ಕುದುರೆಗೆ ತಿಳಿಯುತ್ತದೆ ಎನ್ನುವುದು ಬರೀ ಲಾಯದ ಮಾತಲ್ಲ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದಿದೆ. ಜನರಿಗೆ ಕುದುರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಸಿಕೊಂಡು ಇಲ್ಲವೇ ಸವಾರಿ ಮಾಡಿಕೊಂಡು ಹೋಗಲು ಹೇಳಿದರು. ನಾಲ್ಕನೇ ಸಲಕ್ಕೆ ಮುಂಚೆ, ಈಗ ಕುದುರೆಯ ಪಕ್ಕದಲ್ಲೇ ಕೊಡೆ ಬಿಚ್ಚುತ್ತೇವೆ ಎಂದರು. ಬಿಚ್ಚಲಿಲ್ಲ. ಆದರೂ ಜನರ ಎದೆಬಡಿತ ಏರಿತು, ಕೊಡೆಯ ಸುದ್ದಿಯೇ ತಿಳಿಯದ ಕುದುರೆಗಳದ್ದೂ ಏರಿತು! ಹಾಗಾಗಿ ಹೆದರಬೇಡಿ ಎಂಬ ಉಪದೇಶ ದಂಡ. ಹೆದರಿದವರು ಉಸಿರು ಬಿಟ್ಟರೆ ಸಾಕು. ಕುದುರೆಗೆ ಬಾಯಲ್ಲಿ ಉಸಿರಾಡಲು ಬಾರದು, ನಾಗಾಲೋಟದಲ್ಲಿ ಅದರ ಉಸಿರು ಕಾಲಿನ ತಾಳಕ್ಕೆ ಹೊಂದಿಕೊಂಡೇ ನಡೆಯುತ್ತದೆ. ಮೇಲೆ ಕೂತವರದ್ದೇ ನಿಂತಿರುತ್ತದೆ. ಹಾಡಿ ಎಂದರು ಸಾಯಿಸ್. ಹಾಡುವವರಿಗೆ ಉಸಿರು ಕಟ್ಟಲಾಗುವುದಿಲ್ಲ. ಬಾಲ್ಯದಲ್ಲಿ ಸರಳೆವರಸೆಗೇ ನಿಂತಿದ್ದ ನನ್ನ ಸಂಗೀತಪಾಠ ಹೀಗೆ ದೊರೆಯ ಬೆನ್ನಮೇಲೆ ಮುಂದುವರಿಯಿತು. ಅದು ಕಿವಿ ಆಡಿಸುತ್ತಾ ನಡೆಯಿತು. ಮಾಯಾಮಾಳವಗೌಳ ರಾಗ ಹಿಡಿಸಿತೋ, ಸಹಿಸಿಕೊಂಡಿತೋ, ಹೇಳಲಾರೆ.

ಧೈರ್ಯ ಒಂದೇ ದಿನಕ್ಕೆ ಬರುವುದಿಲ್ಲ ಎಂಬುದು ಮೈಸೂರಿನವರಿಗೆ ಗೊತ್ತು. ದಸರಾಕ್ಕೆ ಮುಂಚೆ ಅಲ್ಲಿ ಕುಶಾಲತೋಪಿನ ತಾಲೀಮು ನಡೆಯುತ್ತದೆ. ವಿಜಯದಶಮಿಯ ದಿನದ 21 ತೋಪಿಗೆ ಬೆದರದಿರಲೆಂದು ಆನೆಗಳ ಜೊತೆ ಅಶ್ವಾರೋಹಿ ದಳದ ಕುದುರೆಗಳನ್ನೂ ನಿಲ್ಲಿಸಿ ತೋಪು ಹಾರಿಸುತ್ತಾರೆ. ಮೊದಲ ತಾಲೀಮಿನಲ್ಲಿ ಹಿಂದೆ ಸರಿಯುವ ಪ್ರಾಣಿ ಮುಂದಿನದರಲ್ಲಿ ಕಿವಿ ನಿಮಿರಿಸಿ ನಿಲ್ಲುತ್ತದೆ. ಮನುಷ್ಯರಿಗೆ ಮಾತ್ರ ಬಿದ್ದ ಮಾರನೇ ದಿನವೇ ಕ್ಯಾಂಟರ್ ಎಂಬ ಓಟ ಓಡಿಸಿ ತೋರಿಸುವ ಹುರುಪು. ನನಗೆ ದೊರೆಯ ಜೊತೆ ಬರೀ ನಡಿಗೆ ಕೊಟ್ಟರು. ನಡೆ, ನಿಲ್ಲು, ತಿರುಗು, ಮತ್ತೆ ನಿಲ್ಲು. ಪಕ್ಕದಲ್ಲಿ ಏಳೆಂಟು ವರ್ಷದ ಮಕ್ಕಳು ಟ್ರಾಟ್ ಎಂಬ ಕುಕ್ಕುಲೋಟ ಮಾಡುತ್ತಾ ದಾಟಿಹೋಗುವಾಗ “ಅಂಕಲ್, ಸೈಡ್!” ಎನ್ನುತ್ತಿದ್ದವು. ನಿಂತ ಕುದುರೆಯನ್ನು ನಿಂತಲ್ಲೇ ನಿಲ್ಲಿಸಲು ಬಂದಮೇಲೆ ನಡೆಯುವುದನ್ನು ನಿಲ್ಲಿಸಬಹುದು, ನಡೆಯುವುದು ನಿಂತಮೇಲೆ ಟ್ರಾಟ್. ಬ್ರೇಕು ಮೊದಲು, ಆಕ್ಸಿಲರೇಟರು ಆಮೇಲೆ. ಲಾಯದ ದಿಕ್ಕಿಗೆ ಮುಖಮಾಡಿದಾಗ ಎಂಥ ಸಾಧುಕುದುರೆಗೂ ರೆಕ್ಕೆ ಮೂಡುವುದರಿಂದ, ಮನೆಗೆ ಮರಳುವಾಗ ಎಂದೂ ಓಡಿಸಬಾರದು ಎಂಬ ನಿಯಮವೂ ಆಗ ತಿಳಿಯಿತು. ಜೀನು ಬೆನ್ನಿಗೆ ಒತ್ತುತ್ತಿದ್ದರೆ, ಹಲ್ಲು ಚೂಪಾಗಿ ಕೆನ್ನೆ ಗೀರುತ್ತಿದ್ದರೆ ಈ ಯಾವ ವಿದ್ಯೆಯೂ ನಡೆಯದು, ಮೊದಲು ವೈದ್ಯರನ್ನು ಕರೆಸಬೇಕು.

ದೊರೆ ಈಗಲೂ ಜೋರು. ಪ್ಲಾಸ್ಟಿಕ್ ಚೀಲ ಕಂಡರೆ ಒಂದು ಹೆಜ್ಜೆ ಪಕ್ಕಕ್ಕೆ ಹಾರುತ್ತದೆ. ನಾನು ಬೆನ್ನು ನೇರಮಾಡಿ, ಉಸಿರು ಬಿಟ್ಟು, ಬೆರಳು ಸಡಿಲಿಸಿ ಎಡಕ್ಕೆ ವೃತ್ತ ಹಾಕುತ್ತೇನೆ. ನಿಮಗೂ ಎಂದಾದರೂ ಹತ್ತುವ ಮನಸ್ಸಾದರೆ ಹೆಲ್ಮೆಟ್ ಹಾಕಿಕೊಳ್ಳಿ, ಲಾಯದ ಅತಿ ಮುದಿ ಕುದುರೆಯನ್ನು ಕೇಳಿ ಪಡೆಯಿರಿ. ಜೀನಿನ ಹೊಟ್ಟೆಪಟ್ಟಿಯನ್ನು ಹತ್ತುವ ಮುನ್ನ ಎರಡನೇ ಸಲ ಬಿಗಿಸಿ: ಮೊದಲ ಸಲ ಬಿಗಿಯುವಾಗ ಕುದುರೆ ಮೈ ಉಬ್ಬಿಸಿಕೊಂಡಿರಬಹುದು.