ಉಲ್ಲನ್ ದಾರದ ಈ ತುದಿ

ಹೋಬಳಿ ಮಟ್ಟದ ಕ್ರೀಡಾಕೂಟವನ್ನು ಆಗಸ್ಟ್ ತಿಂಗಳಲ್ಲಿ ಇಡಬೇಕೆಂದು ತೀರ್ಮಾನಿಸಿದ ಪುಣ್ಯಾತ್ಮರು ಬಯಲುಸೀಮೆಯವರೇ ಇರಬೇಕು. ಹೋಬಳಿ ಆದಮೇಲೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕಲ್ಲ, ಹಾಗಾಗಿ ತೀರಾ ಕೆಳಗಿನ ಮೆಟ್ಟಿಲಿನವರ ಪಾಲಿಗೆ ಬರುವುದು ಮಳೆಗಾಲವೇ. ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಆ ತಿಂಗಳಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಾತ್ರ. ಅಂಥ ಊರಿನ ಮಕ್ಕಳಿಗೆ ಓಡಿ ಎಂದರೆ ಅವರು ಏನು ಮಾಡಿಯಾರು? ಜಾರಿದರು. ಯಾರು ಹೆಚ್ಚು ದೂರ ಜಾರಿದರೋ ಅವರು ತಾಲ್ಲೂಕಿಗೆ ಆಯ್ಕೆಯಾದರು.

ನಮ್ಮ ಡ್ರಿಲ್ ಮೇಷ್ಟ್ರು ಗದಗದ ಕಡೆಯವರು. ವರ್ಗವಾಗಿ ಬಂದ ಮೊದಲ ವರ್ಷ, ಕೂಟದ ಹಿಂದಿನ ಸಂಜೆ ಸುಣ್ಣದ ಪುಡಿ ತರಿಸಿ, ಹುಡುಗರ ಕೈಲಿ ಹಗ್ಗ ಹಿಡಿಸಿ, ಮೈದಾನದ ತುಂಬ ಗೆರೆ ಎಳೆದು, ಸೊಂಟ ಹಿಡಿದುಕೊಂಡು ಮನೆಗೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ಗೆರೆಗಳೆಲ್ಲ ಒಟ್ಟಾಗಿ ಹಳ್ಳದ ದಾರಿ ಹಿಡಿದಿದ್ದವು. ಹೀಗಾಗುತ್ತದೆಂದು ಊರಿನವರು ಯಾರೂ ಮೊದಲೇ ಹೇಳಿರಲಿಲ್ಲ. ಆ ಮೈದಾನಕ್ಕೆ ಸುಣ್ಣ ಚೆಲ್ಲುವುದು ಇವರ ಕಡೆಯ ಏನೋ ಹರಕೆ ಇರಬೇಕೆಂದುಕೊಂಡು ಸುಮ್ಮನಿದ್ದರಂತೆ. ಮರುವರ್ಷದಿಂದ ಪ್ರತಿಯೊಬ್ಬರೂ ಬಚ್ಚಲೊಲೆಯಿಂದ ಒಂದು ಡಬ್ಬಿ ಬೂದಿ ತರತಕ್ಕದ್ದು ಎಂದು ಆಜ್ಞೆಯಾಯಿತು. ಬೂದಿಯೇನೂ ಮಳೆಯಲ್ಲಿ ನಿಲ್ಲುವುದಿಲ್ಲ. ಆದರೆ ದುಡ್ಡು ಕೊಟ್ಟು ತಂದದ್ದಲ್ಲವಲ್ಲ, ಒಂದೊಂದು ಓಟಕ್ಕೂ ಹೊಸದಾಗಿ ಎಳೆಯಬಹುದಿತ್ತು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬೂದಿ ಡಬ್ಬಿ, ಬಾಯಲ್ಲಿ ಸೀಟಿ. “ಏನ್ ಮಳೀನಪಾ ಇದು! ನಮ್ಮೂರಾಗ ಇದರಾಗಿನ ಅರ್ಧಾ ಬಿದ್ದಿದ್ರ ವರ್ಷಕ್ಕ ಎರಡು ಬೆಳಿ ತಗೀತಿದ್ರು” ಎಂದು ಅವರು ಸೀಟಿ ತೆಗೆದಾಗಲೆಲ್ಲ ಗೊಣಗುತ್ತಿದ್ದರು.

ಗುಂಡು ಎಸೆತದವರು ಮಾತ್ರ ಮಳೆಯ ಉಪಕಾರ ನೆನೆಯಬೇಕು. ಬೇರೆ ಊರುಗಳಲ್ಲಿ ಬಿದ್ದದ್ದೆಲ್ಲಿ, ಉರುಳಿ ನಿಂತದ್ದೆಲ್ಲಿ ಎಂದು ಜಗಳವಂತೆ. ನಮ್ಮಲ್ಲಿ 4 ಕಿಲೋದ ಗುಂಡು ಬಿದ್ದಲ್ಲೇ ಭೂಗತವಾಗುತ್ತಿತ್ತು. ಅದನ್ನು ಅಗೆದು ತೆಗೆಯಲೆಂದೇ ಒಬ್ಬ ಹುಡುಗ ಗುದ್ದಲಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ. ಒಂದು ಸಲ ಎಷ್ಟು ಅಗೆದರೂ ಸಿಗದೆ, ಇನ್ನೂ ಕೈ ಹಾಕಿ ತಡಕಿ, ಕೊನೆಗೆ ಎತ್ತಿ ತೋರಿಸಿದರೆ ಅದು ಹಿಂದಿನ ವರ್ಷ ಕಳೆದುಹೋಗಿದ್ದ ಗುಂಡು. ಈ ವರ್ಷದ್ದು ಇನ್ನೂ ಕೆಳಗಿತ್ತು.

ಖೋ ಖೋದ ಕಷ್ಟ ಬೇರೆ. ಎಂಟು ಜನ ಒಬ್ಬರ ಮುಖ ಅತ್ತ, ಒಬ್ಬರ ಮುಖ ಇತ್ತ ಮಾಡಿಕೊಂಡು ಸಾಲಾಗಿ ಕೂತಿರಬೇಕು. ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಅನ್ನುವ ತನಕ ಏಳುವಂತಿಲ್ಲ. ಈ ನಿಯಮ ಇಂಬಳಕ್ಕೆ ಗೊತ್ತಿರಲಿಲ್ಲ. ನಮ್ಮ ತಂಡದ ಹುಡುಗಿಯೊಬ್ಬಳು ಯಾರೂ ಮುಟ್ಟದೆಯೇ ಕಿಟಾರನೆ ಕಿರುಚಿ ಎದ್ದು ಕುಣಿಯತೊಡಗಿದಳು. “ಫೌಲ್!” ಎಂದು ಸೀಟಿ ಬಿತ್ತು. ಅವಳು ಅಳುತ್ತಾ ಮೀನಖಂಡ ತೋರಿಸಿದಳು. ಪಕ್ಕದ ಶಾಲೆಯಿಂದ ತೀರ್ಪುಗಾರರಾಗಿ ಬಂದಿದ್ದ ಮೇಷ್ಟ್ರು ಬಗ್ಗಿ ನೋಡಿ, ತಮ್ಮ ಕವಳದ ಸಂಚಿ ಬಿಚ್ಚಿ, ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ ತೆಗೆದು ಇಂಬಳಕ್ಕೆ ತಾಗಿಸಿದರು. ಅದು ಮುದುಡಿಕೊಂಡು ಕೆಳಗೆ ಬಿತ್ತು. ಅವರು ಅದೇ ಸಂಚಿಯಿಂದ ಒಂದು ಎಲೆಯನ್ನೂ ತೆಗೆದು, ಉಳಿದ ಸುಣ್ಣವನ್ನು ಅದಕ್ಕೆ ಬಳಿದು ಬಾಯಿಗಿಟ್ಟುಕೊಂಡು, “ಇಂಬಳ ಹೋಯ್ತು. ಫೌಲ್ ಹೋಗಲ್ಲ” ಅಂದರು.

ಹೋಬಳಿಗೆ ಮೊದಲು ಶಾಲೆಯೊಳಗೇ ಒಂದು ಚಿಕ್ಕ ಕೂಟವಿರುತ್ತಿತ್ತು. ಗೋಣಿಚೀಲದ ಓಟ, ಮ್ಯೂಸಿಕಲ್ ಚೇರ್, ನಿಂಬೆಹಣ್ಣು ಚಮಚ, ಇವೆಲ್ಲ ಅಲ್ಲಿ. ನನ್ನ ಚಿಕ್ಕಪ್ಪನ ಮಗಳಿಗೆ ನಿಂಬೆಹಣ್ಣಿನ ತರಬೇತಿ ಕೊಟ್ಟವರು ನಮ್ಮ ಅಜ್ಜಿ. ಮನೆಯ ಜಗಲಿಯಲ್ಲಿ ನಾಲ್ಕು ಸಲ ಓಡಿಸಿ, ನಾಲ್ಕು ಸಲವೂ ಹಣ್ಣು ಉರುಳಿದ್ದನ್ನು ನೋಡಿ, “ಥೋ, ಇದಕ್ಕೆಂಥ ಅಭ್ಯಾಸನೇ, ಒಂಚೂರು ಜೋನಿಬೆಲ್ಲ ಕಾಸಿ ಸವರ್ಕೊಂಡ್ರೆ ಆತು” ಎಂದರು. ಅಜ್ಜಿ ಪಾಕ ಮಾಡಿದರೆಂದರೆ ಸುಮ್ಮನೆ ಮಾಡಿದವರಲ್ಲ. ನೀರಿನ ಬಟ್ಟಲಿಗೆ ತೊಟ್ಟು ಬಿಟ್ಟು, ಉಂಡೆ ಕಟ್ಟುತ್ತದೆಯೋ ನೋಡಿಯೇ ಚಮಚಕ್ಕೆ ಸವರಿದ್ದರು. ಮರುದಿನ ಉಳಿದವರೆಲ್ಲ ಉಸಿರು ಬಿಗಿಹಿಡಿದು ಇರುವೆ ನಡಿಗೆ ನಡೆಯುತ್ತಿದ್ದರೆ ಇವಳು ಕೈ ಬೀಸಿಕೊಂಡು ಓಡಿದಳು. ಮಧ್ಯದಲ್ಲಿ ಜಾರಿ ಬಿದ್ದಳು, ಹಣ್ಣು ಬೀಳಲಿಲ್ಲ. ಎದ್ದು ಓಡಿ ಮೊದಲಿಗಳಾಗಿ ಮುಟ್ಟಿದಳು. ಅಲ್ಲಿ ಇಟ್ಟಿದ್ದ ಬುಟ್ಟಿಗೆ ಹಣ್ಣು ಹಾಕಬೇಕೆಂಬ ಸಂಗತಿ ಅಜ್ಜಿಯ ಲೆಕ್ಕದಲ್ಲಿ ಬಂದಿರಲಿಲ್ಲ. ಚಮಚ ಬಗ್ಗಿಸಿದಳು, ತಲೆ ಕೊಡವಿದಳು, ಬುಟ್ಟಿಯ ಅಂಚಿಗೆ ಕುಟ್ಟಿದಳು. ಕೊನೆಗೆ ಹಿಂದಿನವರೆಲ್ಲ ಬಂದು ಹಣ್ಣು ಹಾಕಿ ಮುಗಿಸಿ, ಇವಳ ಸುತ್ತ ನಿಂತು ನೋಡುತ್ತಿದ್ದರು. ಡ್ರಿಲ್ ಮೇಷ್ಟ್ರು ಚಮಚ ಇಸಿದುಕೊಂಡು ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, “ಬೆಲ್ಲ ಛಲೋ ಐತಿ” ಎಂದರು. ಬಹುಮಾನ ಸಿಗಲಿಲ್ಲ. ಆದರೆ ಆ ವಾರವೇ ಮೇಷ್ಟ್ರು ನಮ್ಮ ಮನೆಗೆ ಬಂದು ಒಂದು ಡಬ್ಬಿ ಜೋನಿಬೆಲ್ಲ ಕೊಂಡು ಹೋದರು.

ಇನ್ನು ನನ್ನ ವಿಚಾರ. 1986ರ ಸಿಯೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ನಾಲ್ಕು ಚಿನ್ನ ಗೆದ್ದರು ನೋಡಿ, ಅಲ್ಲಿಂದ ಊರೂರಿನ ಉದ್ದ ಕಾಲಿನ ಹುಡುಗಿಯರಿಗೆ ಗ್ರಹಚಾರ ಶುರುವಾಯಿತು. ನನ್ನ ಕಾಲು ಉದ್ದ. ಅದು ಅಪ್ಪನಿಂದ ಬಂದದ್ದು. ಅವರು ಆ ಉದ್ದವನ್ನು ನಾಗಂದಿಗೆಯ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸುವುದಕ್ಕಷ್ಟೇ ಬಳಸಿದವರು. ನನಗೂ ಅಷ್ಟೇ ಸಾಕಿತ್ತು. ಆದರೆ ಡ್ರಿಲ್ ಮೇಷ್ಟ್ರು ಪ್ರಾರ್ಥನೆಯ ಸಾಲಿನಲ್ಲಿ ನನ್ನನ್ನು ಕಂಡಾಗಲೆಲ್ಲ ಮೇಲಿಂದ ಕೆಳಗೆ ಅಳತೆ ತೆಗೆದು ನಿಟ್ಟುಸಿರು ಬಿಡುತ್ತಿದ್ದರು. ನಾನು 100 ಮೀಟರಿಗೆ ಹೆಸರು ಕರೆಯುವ ದಿನ ಬಂದರೆ ಸಾಕು, ಕುಂಟಲು ಶುರು ಮಾಡುತ್ತಿದ್ದೆ. ಯಾವ ಕಾಲು ಎಂಬುದನ್ನು ಅಂಗೈಯಲ್ಲಿ ಬರೆದಿಟ್ಟುಕೊಂಡಿರುತ್ತಿದ್ದೆ. ಮಧ್ಯಾಹ್ನದ ಮೇಲೆ ಬದಲಾಗಬಾರದಲ್ಲ.

ಓಡದವರನ್ನು ಸುಮ್ಮನೆ ಕೂರಿಸುವ ಪದ್ಧತಿ ಆಗ ಇರಲಿಲ್ಲ. ಅಕ್ಷರ ದುಂಡಗಿದ್ದವರು ಪ್ರಶಸ್ತಿಪತ್ರ ಬರೆಯಬೇಕು, ಗಂಟಲಿದ್ದವರು ಮೈಕ್ ಹತ್ತಿರ, ಧೈರ್ಯವಿದ್ದವರು ಗ್ಲೂಕೋಸ್ ಡಬ್ಬಿ ಕಾಯಲು. ಗ್ಲೂಕೋಸಿಗೆ ಧೈರ್ಯ ಯಾಕೆಂದರೆ, ಓಡಿ ಬಂದವರಿಗೆ ಮಾತ್ರ ಅಂಗೈ ಮೇಲೊಂದು ಚಮಚ ಎಂದಿದ್ದರೂ ಏದುಸಿರು ಬಿಡುವುದನ್ನು ಎಲ್ಲರೂ ಕಲಿತಿದ್ದರು. ನನಗೆ ಸಿಕ್ಕಿದ್ದು ಓಟ ಮುಗಿಯುವಲ್ಲಿ ಅಡ್ಡಲಾಗಿ ಹಿಡಿಯುವ ಕೆಂಪು ಉಲ್ಲನ್ ದಾರದ ಒಂದು ತುದಿ. ಹೊಲಿಗೆ ಟೀಚರ ಸ್ವೆಟರಿನಿಂದ ಉಳಿದದ್ದು. ಹರಿದಷ್ಟೂ ಗಂಟು ಹಾಕಿ ಹಾಕಿ, ಸಂಜೆಯ ಹೊತ್ತಿಗೆ ದಾರಕ್ಕಿಂತ ಗಂಟೇ ಜಾಸ್ತಿ.

ಆ ಜಾಗದ ಮಹಿಮೆ ನಿಂತವರಿಗೇ ಗೊತ್ತು. ಪತ್ರಿಕೆಯ ಫೋಟೋದಲ್ಲಿ ಗೆದ್ದವರು ನಗುತ್ತಿರುತ್ತಾರೆ. ಅದು ಆಮೇಲೆ ತಲೆ ಬಾಚಿಕೊಂಡು ನಕ್ಕದ್ದು. ದಾರ ಮುಟ್ಟುವ ಗಳಿಗೆಯ ಮುಖವೇ ಬೇರೆ. ಒಬ್ಬಳಿಗೆ ಎರಡೂ ಕಣ್ಣು ಮುಚ್ಚಿರುತ್ತಿದ್ದವು. ಇನ್ನೊಬ್ಬಳು ನಾಲಿಗೆ ಕಚ್ಚಿಕೊಂಡು, ಲಂಗದ ನೆರಿಗೆಯನ್ನು ಒಂದು ಮುಷ್ಟಿಯಲ್ಲಿ ಹಿಡಿದು, ಮೂಗಿನ ಮೇಲಿನ ಕೆಸರಿನೊಂದಿಗೆ ಬರುತ್ತಿದ್ದಳು. ಗೌಡರ ಮನೆಯ ಹುಡುಗನೊಬ್ಬ ದಾರ ಕಂಡ ಕೂಡಲೇ ಗಕ್ಕನೆ ನಿಂತು ಕೆಳಗಿನಿಂದ ನುಸುಳಿ ದಾಟಿದ. ಬೇಲಿ ಕಂಡರೆ ಹಾಗೆ ಮಾಡಿ ಅವನಿಗೆ ರೂಢಿ. ಮೊದಲಿಗನಾಗಿದ್ದವನು ಮೂರನೆಯವನಾದ.

ಸಮಯ ಹಿಡಿಯುವುದಕ್ಕೆ ಇದ್ದದ್ದು ಹೆಡ್‌ಮಾಸ್ಟರ ಎಚ್‌ಎಂಟಿ ಗಡಿಯಾರ. 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಇದೇ ಉಷಾಗೆ 400 ಮೀಟರ್ ಹರ್ಡಲ್ಸ್‌ನ ಕಂಚು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ತಪ್ಪಿತ್ತಲ್ಲ, ಆ ಸುದ್ದಿ ಕೇಳಿದಾಗ ಹೆಡ್‌ಮಾಸ್ಟರು ನಂಬಿರಲಿಲ್ಲ. ಅಷ್ಟು ಸಣ್ಣ ಹೊತ್ತು ಇರುವುದೇ ಸಾಧ್ಯವಿಲ್ಲ ಎಂಬುದು ಅವರ ವಾದ. ಅವರ ಗಡಿಯಾರದ ಸೆಕೆಂಡ್ ಮುಳ್ಳು ಮಳೆಗಾಲದಲ್ಲಿ ಅಲ್ಲಲ್ಲಿ ನಿಂತು ಸುಧಾರಿಸಿಕೊಂಡು ಹೋಗುತ್ತಿತ್ತು. ಅದರ ಪ್ರಕಾರ ನಮ್ಮ ಶಾಲೆಯ ಮೂರು ಜನ 100 ಮೀಟರನ್ನು ಎಂಟು ಸೆಕೆಂಡಿನಲ್ಲಿ ಓಡಿ ಮುಗಿಸಿದ್ದಾರೆ. ದಾಖಲೆ ಪುಸ್ತಕದಲ್ಲಿ ಹಾಗೇ ಬರೆದಿದೆ, ಹೆಡ್‌ಮಾಸ್ಟರ ರುಜುವೂ ಇದೆ.

ಒಂದು ವರ್ಷ ಬಹುಮಾನ ಹಂಚಲು ಬಂದವರು ಹೊಸದಾಗಿ ಆರಿಸಿ ಬಂದಿದ್ದ ಮಂಡಲ ಪಂಚಾಯಿತಿಯ ಪ್ರಧಾನರು. ಮೇಜಿನ ಮೇಲೆ ಸ್ಟೀಲಿನ ಲೋಟ, ತಟ್ಟೆ, ಸೋಪಿನ ಡಬ್ಬಿ ಜೋಡಿಸಿದ್ದರು. ಪ್ರಧಾನರು ಆರೋಗ್ಯವೇ ಭಾಗ್ಯ ಎಂದು ಆರಂಭಿಸಿ, ಅಡಿಕೆ ಕೊಳೆರೋಗಕ್ಕೆ ಬಂದು, ಸೇತುವೆಯ ಮಂಜೂರಾತಿಯಲ್ಲಿದ್ದಾಗ ತಿರುವಿನಾಚೆ ಕಡೇ ಬಸ್ಸಿನ ಹಾರ್ನ್ ಕೇಳಿತು. ಅದು ತಪ್ಪಿದರೆ ದೂರದ ಹಳ್ಳಿಯ ನಮಗೆಲ್ಲ ಆರು ಮೈಲಿ ನಡಿಗೆ, ಅದೂ ಕತ್ತಲಲ್ಲಿ, ಮಳೆಯಲ್ಲಿ. ಯಾರು ಮೊದಲು ಎದ್ದರೋ ಗೊತ್ತಿಲ್ಲ, ಇಡೀ ಸಭೆ ಎದ್ದಿತ್ತು. ಲೋಟ ಗೆದ್ದವರು, ಸೋತವರು, ಗುದ್ದಲಿಯ ಹುಡುಗ, ಕವಳದ ಸಂಚಿಯ ಮೇಷ್ಟ್ರು, ಎಲ್ಲರೂ ಚೀಲ ಎದೆಗವಚಿಕೊಂಡು ಮೈದಾನದ ಉದ್ದಕ್ಕೂ ಬಿದ್ದಂಬೀಳ ಓಡಿದೆವು. ಬೂದಿಯ ಗೆರೆ ಎಲ್ಲಿತ್ತೋ, ಯಾರು ಯಾವ ಗೆರೆಯಲ್ಲಿ ಓಡಿದರೋ.

ನನಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಬಸ್ಸಿನಲ್ಲಿ ನನಗಿಂತ ಮೊದಲು ಇದ್ದವರು ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರೇ. ಒಂದೊಂದೇ ತಲೆ ಹತ್ತಿ, ಕೊನೆಗೆ ತೊಪ್ಪೆಯಾದ ಡ್ರಿಲ್ ಮೇಷ್ಟ್ರು ಕೊಡೆ ಮಡಚುತ್ತಾ ಹತ್ತಿದರು. ಮಕ್ಕಳನ್ನು ಎಣಿಸುತ್ತಾ ಬಂದವರ ಕಣ್ಣು ನನ್ನ ಮೇಲೆ ನಿಂತಿತು. ಹೊರಗೆ ಒಮ್ಮೆ ಮೈದಾನದ ಉದ್ದ ನೋಡಿದರು, ಒಳಗೆ ನನ್ನ ಕಾಲಿನ ಉದ್ದ ನೋಡಿದರು. ಒಂದು ಮಾತೂ ಆಡದೆ ಒದ್ದೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿ, ಮುಂದಿನ ವರ್ಷದ 100 ಮೀಟರಿಗೆ ಮೊದಲ ಹೆಸರು ಬರೆದುಕೊಂಡರು.