ಪ್ಲಗ್ ತಾತ

ಶಿವಾಜಿನಗರದ ಗಲ್ಲಿಗಳಲ್ಲಿ ಯಾವುದೇ ಗಾಡಿಯ ಬಾನೆಟ್ ತೆರೆದರೆ ಮೂರು ಜನ ಹಾಜರಾಗುತ್ತಾರೆ: ಮೆಕ್ಯಾನಿಕ್, ಟೀ ಹುಡುಗ ಮತ್ತು ರಿಟೈರಾದ ಹಿರಿಯರೊಬ್ಬರು. ಮೊದಲಿಬ್ಬರಿಗೆ ದುಡ್ಡು ಕೊಟ್ಟರೆ ಮುಗಿಯಿತು. ಮೂರನೆಯವರಿಗೆ ಕಿವಿ ಕೊಡಬೇಕು.

ಈ ಮೂರನೆಯವರ ಕುಲ ಪೂರ್ವ ಬೆಂಗಳೂರಿನ ಸ್ವಂತ ಫಸಲು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬಂತು, 1948ರಲ್ಲಿ ಕೆ.ಆರ್. ಪುರದ ಕಡೆ ಐಟಿಐ ಬಂತು, ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್. ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು ಬೆಳೆದ ಒಂದು ತಲೆಮಾರು ಈಗ ಮೊಮ್ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಸಂಜೆಯವರೆಗೆ ಖಾಲಿ ಕೂತಿದೆ. ಕೈಗೆ ಕೆಲಸವಿಲ್ಲ, ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ರಸ್ತೆಯಲ್ಲಿ ಹೋಗುವ ಆಟೋ ಒಂದು ಸಲ ಮಿಸ್ಸಿಂಗ್ ಹೊಡೆದರೆ ಇವರ ಹುಬ್ಬು ಮೇಲೇರುತ್ತದೆ.

ಹಲಸೂರಿನಲ್ಲಿ ಇಂಥವರಿದ್ದಾರೆ, ಇಂದಿರಾನಗರದಲ್ಲಿಯೂ ಇದ್ದಾರೆ (ಅಲ್ಲಿ ವಾಕಿಂಗ್ ಶೂ ಹಾಕಿರುತ್ತಾರೆ). ಆದರೆ ಈ ಕುಲದ ಶಿಖರವನ್ನು ನೋಡಬೇಕೆಂದರೆ ರಸೆಲ್ ಮಾರ್ಕೆಟ್ಟಿನ ಆಚೆ, ಗುಜರಿ ಅಂಗಡಿಗಳ ನಡುವಿನ ಒಂದು ಟೂ-ಸ್ಟ್ರೋಕ್ ಗ್ಯಾರೇಜಿಗೇ ಬರಬೇಕು. ಗ್ಯಾರೇಜಿನ ಹುಡುಗರು ಅವರಿಗಿಟ್ಟ ಹೆಸರು ಪ್ಲಗ್ ತಾತ.

ತಾತನ ಹತ್ತಿರ ಸ್ವಂತ ಗಾಡಿಯಿಲ್ಲ. ಹಿರಿಯ ನಾಗರಿಕರ ರಿಯಾಯಿತಿ ಟಿಕೆಟ್ಟಿನಲ್ಲಿ ಬಸ್ಸಿಳಿದು ಬರುತ್ತಾರೆ. ಕನ್ನಡಕಕ್ಕೆ ದಾರ, ಜೇಬಿನಲ್ಲಿ ಪೆನ್ ಟಾರ್ಚು, ಚೀಲದಲ್ಲಿ ಒಂದು ಪ್ಲಗ್ ಪಾನ. ಉಸ್ತಾದನೊಂದಿಗೆ ದಖನಿ, ವೆಲ್ಡರನೊಂದಿಗೆ ತಮಿಳು, ಗಿರಾಕಿಯೊಂದಿಗೆ ಕನ್ನಡ, ಬೈಗುಳಕ್ಕೆ ಮೂರೂ. ಪ್ಲಗ್ ಅಂದರೆ ಮೈಕೋ ಒಂದೇ. ಆಡುಗೋಡಿಯ ಆ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದನ್ನು ತಾತ ಇನ್ನೂ ಒಪ್ಪಿಲ್ಲ. ಕಾರ್ಖಾನೆಯಲ್ಲಿ ಅವರಿದ್ದದ್ದು ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ತಪ್ಪು ಹುಡುಕಿ ಕೆಂಪು ಚೀಟಿ ಕಟ್ಟುವುದಷ್ಟೇ ಅವರ ಕೆಲಸ. ಸರಿಮಾಡುವುದು ಬೇರೆ ಸೆಕ್ಷನ್ನಿನವರ ಪಾಡು. ಆ ಪದ್ಧತಿಯನ್ನು ತಾತ ಇಂದಿಗೂ ಮುರಿದಿಲ್ಲ.

ಈ ಲೇಖಕನ ಭಾವಮೈದ ತಾತನ ಕೈಗೆ ಸಿಕ್ಕಿದ್ದು ದೋಣಿಯ ದೆಸೆಯಿಂದ. ಹೊಸಕೋಟೆ ಕಡೆಯ ಕೆರೆಯೊಂದರ ಮೀನು ಗುತ್ತಿಗೆಯಲ್ಲಿ ಪಾಲು ಹಿಡಿದಿದ್ದ ಅವನು ಗುಜರಿಯಲ್ಲಿ ಹಳೆಯದೊಂದು ಔಟ್‌ಬೋರ್ಡ್ ಇಂಜಿನ್ ಕೊಂಡಿದ್ದ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಆದರೆ ನಾಡದೋಣಿಯವರ ಮನೆಯ ಹುಡುಗನೂ ಅದನ್ನು ಬಿಚ್ಚಿ ಜೋಡಿಸಿಯಾನು. ಹೊಸಕೋಟೆಯಲ್ಲಿ ಅದನ್ನು ನೋಡಿದವರೆಲ್ಲ ಮೊದಲು ಫೋಟೋ ತೆಗೆದರು. ಇಂಜಿನ್ ಒಂದೇ ಎಳೆತಕ್ಕೆ ಶುರುವಾಗುತ್ತಿತ್ತು, ಒಂದಷ್ಟು ದೂರ ಜೋರಾಗಿ ಓಡುತ್ತಿತ್ತು, ಆಮೇಲೆ ಬಿಕ್ಕಿ ಬಿಕ್ಕಿ ಕೆರೆಯ ನಟ್ಟನಡುವೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಸರಿ. ಭಾವಮೈದ ಹುಟ್ಟು ಹಾಕಿಕೊಂಡು ದಡ ಸೇರುವುದನ್ನು ಊರಿನವರು ಟಿಕೆಟ್ಟಿಲ್ಲದೆ ನೋಡುತ್ತಿದ್ದರು.

ಗ್ಯಾರೇಜಿನಲ್ಲಿ ನೀಲಿ ಡ್ರಮ್ಮಿಗೆ ನೀರು ತುಂಬಿ, ಅದರ ಅಂಚಿಗೆ ಇಂಜಿನ್ ಕಚ್ಚಿಸಿ ಉಸ್ತಾದ್ ಹಗ್ಗ ಎಳೆದ. ನೆಲದ ಮೇಲೆ ಪೆಟ್ರೋಲ್ ಟ್ಯಾಂಕು; ಅಲ್ಲಿಂದ ಇಂಜಿನ್ನಿಗೆ ರಬ್ಬರ್ ಪೈಪು; ನಡುವೆ ಕೈಯಲ್ಲಿ ಹಿಸುಕಿ ಪೆಟ್ರೋಲ್ ಮೇಲೇರಿಸುವ ರಬ್ಬರ್ ಬಲ್ಬು. ಓಡಿತು, ಬಿಕ್ಕಿತು, ನಿಂತಿತು. ಅಷ್ಟರಲ್ಲಿ ತಾತ ಬಂದರು. ಬಂದವರೇ ಚಪ್ಪಲಿಯ ತುದಿಯಿಂದ ಪೈಪನ್ನು ಮುಟ್ಟಿ, “ಇದೇನಪ್ಪ, ಈ ಬಲ್ಬು ಚಪ್ಪಟೆಯಾಗಿ ಒಳಕ್ಕೆ ಎಳಕೊಂಡಿದೆಯಲ್ಲ” ಎಂದರು. ಯಾರಾದರೂ ಉತ್ತರ ಕೊಡುವ ಮೊದಲೇ ಸ್ಟೂಲು ಎಳೆದುಕೊಂಡು ಕೂತು ಶುರುಮಾಡಿದರು: “ಕ್ಯಾಟಲೀನಾದಲ್ಲಿ ಹಿಂಗೇ ಆಗಿತ್ತು.”

ಕ್ಯಾಟಲೀನಾ ಅವರ ಮಾತಿನ ಕುಲದೇವತೆ. ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಅಮೆರಿಕನ್ ವಾಯುಪಡೆಯ ವಿಮಾನಗಳ ದುರಸ್ತಿಯ ಜಾಗವಾಗಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ದುರಸ್ತಿಗೆ ಹೋಗುತ್ತಿದ್ದವು. ಇದು ಕಟ್ಟುಕತೆಯಲ್ಲ, ಇತಿಹಾಸ. ತಾತನ ತಂದೆ ಆಗ ಅಲ್ಲಿ ಕೆಲಸಕ್ಕಿದ್ದರಂತೆ. ಒಂದು ಇಂಜಿನ್ನಿಗೆ 14 ಸಿಲಿಂಡರು, ಸಿಲಿಂಡರಿಗೆ ಎರಡು ಪ್ಲಗ್ಗು, ಎರಡು ಇಂಜಿನ್ನಿಗೆ ಸೇರಿ 56 ಪ್ಲಗ್ಗು. ಅಷ್ಟೂ ಪ್ಲಗ್ಗನ್ನು ಬಿಚ್ಚಿ, ಸಾಲಾಗಿಟ್ಟು, ಬಣ್ಣ ನೋಡಿ ಇಂಜಿನ್ನಿನ ಜಾತಕ ಓದುವುದನ್ನು ತಂದೆ ಮಗನಿಗೆ ಹೇಳಿಕೊಟ್ಟರಂತೆ. ಈ 56ರ ಲೆಕ್ಕ ಮುಗಿಯುವಷ್ಟರಲ್ಲಿ ಬೈ-ಟು ಟೀ ಬಂದು, ಆರಿ, ಕೆನೆಗಟ್ಟಿತು. ಭಾವಮೈದ ಆಕಳಿಸಿದ. ಟಾರ್ಚು ಹಿಡಿದು ನಿಲ್ಲುವುದಷ್ಟೇ ಬಲ್ಲ ಈ ಲೇಖಕ ಟಾರ್ಚನ್ನು ಎಡಗೈಗೆ ಬದಲಿಸಿದ.

ಅವರ ವಿದ್ಯೆ ಸುಳ್ಳಲ್ಲ ಎನ್ನುವುದೇ ಕಷ್ಟ. ಪ್ಲಗ್ಗನ್ನು ಬಿಚ್ಚಿ ಬಿಸಿಲಿಗೆ ಹಿಡಿದು, “ಕಾಫಿಪುಡಿ ಬಣ್ಣ ಇದೆ. ಆಯಿಲ್ ಮಿಕ್ಸ್ ಸರಿ ಇದೆ, ಕಾರ್ಬೋರೇಟರ್ ಮುಟ್ಟಬೇಡ” ಎಂದರು. ಮಸಿ ಹಿಡಿದು ಒದ್ದೆಯಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಜಾಸ್ತಿ, ಸುಣ್ಣದ ಬಿಳುಪಿದ್ದರೆ ಪೆಟ್ರೋಲು ಸಾಲದೆ ಇಂಜಿನ್ ಕಾಯುತ್ತಿದೆ ಎಂದರ್ಥ. ಜೆಟ್ ಬಿಚ್ಚಲು ಹೊರಟಿದ್ದ ಉಸ್ತಾದ್ ಸುಮ್ಮನೆ ಸ್ಕ್ರೂಡ್ರೈವರ್ ಕೆಳಗಿಟ್ಟ.

ನಂತರ ತಾತ ತೀರ್ಪು ಕೊಟ್ಟರು: ಕಾಯಿಲ್. ತಣ್ಣಗಿದ್ದಾಗ ಕೆಲಸ ಮಾಡುತ್ತೆ, ಕಾದಾಗ ಕೈಕೊಡುತ್ತೆ, ಆರಿದ ಮೇಲೆ ಮತ್ತೆ ಸರಿಹೋಗುತ್ತೆ. ರೋಗಲಕ್ಷಣವೇನೋ ಪೂರ್ತಿ ಹೊಂದುತ್ತಿತ್ತು. ಇಂಜಿನ್ ನಿಂತ ಕೂಡಲೇ ಉಸ್ತಾದ್ ಪ್ಲಗ್ಗನ್ನು ಬ್ಲಾಕಿಗೆ ತಾಗಿಸಿ ಹಗ್ಗ ಎಳೆದು ತೋರಿಸಿದ. ನೀಲಿ ಕಿಡಿ ಚಟಚಟ ಹಾರಿತು. “ಕರೆಂಟು ಇದೆಯಲ್ಲ ಸಾರ್.”

“ಹೊರಗೆ ಗಾಳೀಲಿ ಬರುತ್ತಪ್ಪ. ಒಳಗೆ ಕಂಪ್ರೆಷನ್ನಲ್ಲಿ ಬರಬೇಕಲ್ಲ?”

ಈ ಮಾತಿಗೆ ಉತ್ತರವಿಲ್ಲ, ಏಕೆಂದರೆ ಅದೂ ನಿಜ. ಒತ್ತಡದಲ್ಲಿ ಕಿಡಿ ಹಾರಿಸಲು ಕಾಯಿಲಿಗೆ ಹೆಚ್ಚು ತಾಕತ್ತು ಬೇಕು. ಭಾವಮೈದ ಗಲ್ಲಿ ಗಲ್ಲಿ ಅಲೆದು, ಹೊಂದುವಂಥ ಕಾಯಿಲೊಂದನ್ನು ಚೌಕಾಸಿ ಮಾಡಿ ತಂದ. ಹಾಕಿದರು. ಓಡಿತು, ಬಿಕ್ಕಿತು, ನಿಂತಿತು.

ಪೆಟ್ರೋಲು ತೀರಿರಬಹುದೆಂದು ಗ್ಯಾರೇಜಿನ ಚಿಕ್ಕ ಹುಡುಗ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಯ್ ಎಂದು ಗಾಳಿ ಒಳಕ್ಕೆ ನುಗ್ಗಿತು. ನೆಲದ ಮೇಲಿದ್ದ ರಬ್ಬರ್ ಬಲ್ಬು ಎಲ್ಲರ ಕಣ್ಣೆದುರೇ ಉಬ್ಬಿ ದುಂಡಗಾಯಿತು. ಮುಚ್ಚಳದ ನೆತ್ತಿಯಲ್ಲಿ ಗಾಳಿಯಾಡಲು ಒಂದು ತಿರುಪು ಇರುತ್ತದೆ. ಗೂಡ್ಸ್ ಆಟೋದಲ್ಲಿ ತರುವಾಗ ಪೆಟ್ರೋಲು ಚೆಲ್ಲದಿರಲೆಂದು ಅದನ್ನು ಬಿಗಿ ಮಾಡುತ್ತಾರೆ. ಭಾವಮೈದ ಇಂಜಿನ್ ಕೊಂಡ ದಿನ ಬಿಗಿ ಮಾಡಿದವನು ಸಡಿಲಿಸಿರಲೇ ಇಲ್ಲ. ಪೆಟ್ರೋಲು ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿಯಿಲ್ಲದೆ ಎಳೆತ ಹೆಚ್ಚುತ್ತದೆ, ಕೊನೆಗೆ ಪಂಪು ಸೋಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಸಂದುಗಳಿಂದ ಗಾಳಿ ಸೇರಿಕೊಂಡು ಮತ್ತೆ ಓಡುತ್ತದೆ.

ತಾತ ಬಂದ ಮರುಗಳಿಗೆಯಲ್ಲೇ ಇದನ್ನು ಕಂಡು, ಬಾಯಿಬಿಟ್ಟು ಹೇಳಿಯೂ ಇದ್ದರು. ತಮ್ಮ ಮಾತನ್ನು ತಾವೇ 56 ಪ್ಲಗ್ಗುಗಳ ಅಡಿಯಲ್ಲಿ ಹೂತುಹಾಕಿದ್ದರು. ಈಗ ಅದನ್ನು ಎತ್ತಿ ಮೀಸೆ ತಿರುವಬಹುದಿತ್ತು. ಅವರಿಗೆ ನೆನಪೇ ಇರಲಿಲ್ಲ. ತಿರುಪು ಸಡಿಲಿಸಿದ ಮೇಲೆ ಡ್ರಮ್ಮಿನಲ್ಲಿ ನೀರು ಕುದಿಯುವಂತೆ ಗಿರಗಿರ ಓಡುತ್ತಿದ್ದ ಇಂಜಿನ್ನಿನತ್ತ ಕೈತೋರಿಸಿ, “ನೋಡಿದ್ರಾ, ಕಾಯಿಲ್!” ಎಂದರು.

ಯಾರೂ ಎದುರು ಮಾತಾಡಲಿಲ್ಲ. ಈಗೀಗ ಅವರೊಂದಿಗೆ ಜಗಳಕ್ಕೆ ಯಾರೂ ಹೋಗುವುದಿಲ್ಲ, ಜಗಳಕ್ಕೆ ವಿಷಯವೇ ಕಡಿಮೆಯಾಗುತ್ತಿದೆ. ಆರ್‌ಎಕ್ಸ್ 100 ತಯಾರಿಕೆ 1996ರಲ್ಲೇ ನಿಂತಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೋರೇಟರ್ ಸಿಗುವುದೇ ಅಪರೂಪ. ಹೊಸ ಗಾಡಿ ಬಂದರೆ ಉಸ್ತಾದನ ಮಗ ಸ್ಕ್ಯಾನರ್ ಚುಚ್ಚುತ್ತಾನೆ, ಪರದೆಯಲ್ಲಿ ಒಂದು ಕೋಡ್ ಮೂಡುತ್ತದೆ, ತಾತ ಕನ್ನಡಕ ಏರಿಸಿ ಅದನ್ನು ಓದಿ ಸುಮ್ಮನಾಗುತ್ತಾರೆ. ಎಲೆಕ್ಟ್ರಿಕ್ ಆಟೋ ಬಂದರಂತೂ ಕೇಳುವುದಕ್ಕೆ ಸದ್ದೇ ಇಲ್ಲ. ನೊರೆಯುಕ್ಕಿ ಬೆಂಕಿ ಹತ್ತಿಕೊಂಡ ಬೆಳ್ಳಂದೂರು ಕೆರೆಯನ್ನು ಟಿವಿಯಲ್ಲಿ ಕಂಡ ಹುಡುಗರಿಗೆ, ಅದೇ ನೀರಿನಲ್ಲಿ ವಿಮಾನ ಇಳಿಯುತ್ತಿತ್ತು ಎಂದರೆ ನಗು. ನಗುವವರಿಗೂ ತಾತ ಟೀ ಕೊಡಿಸುತ್ತಾರೆ, ಲೆಕ್ಕ ಪೂರ್ತಿ ಕೇಳಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ.

ಹಳೆಯ ಕಾಯಿಲನ್ನೇ ಮತ್ತೆ ಹಾಕಿ ನೋಡಿದ್ದಾಯಿತು. ಹೊಸಕೋಟೆಯಲ್ಲಿ ದೋಣಿ ಚೆನ್ನಾಗಿ ಓಡುತ್ತಿದೆ. ಗುಜರಿಯಲ್ಲಿ ಕೊಂಡ ಮಾಲು ವಾಪಸ್ ಹೋಗುವುದಿಲ್ಲವಾದ್ದರಿಂದ ಇನ್ನೊಂದು ಕಾಯಿಲ್ ಭಾವಮೈದನ ಮನೆಯ ಅಟ್ಟದ ಮೇಲಿದೆ. ಓದುಗರಲ್ಲಿ ಯಾರಿಗಾದರೂ ಬೇಕಿದ್ದರೆ ಕೊಂಡ ಬೆಲೆಗೇ ಕೊಡಲು ಅವನು ತಯಾರಿದ್ದಾನೆ. ಅದಕ್ಕೂ ಮೊದಲು ನಿಮ್ಮ ಟ್ಯಾಂಕಿನ ತಿರುಪನ್ನು ಒಮ್ಮೆ ಸಡಿಲಿಸಿ ನೋಡಿ.