ಹಸಿರು ಅನ್ನಿಸದ ಹಸಿರು

ಅರಸೀಕೆರೆಯ ಹೊಸ ಬಡಾವಣೆಗಳಲ್ಲಿ ಇಂಥ ಮೇಷ್ಟ್ರು ರಸ್ತೆಗೊಬ್ಬರು ಸಿಗುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾಗಿ, ಪಿಎಫ್ ಹಣಕ್ಕೆ ಕೊಬ್ಬರಿ ಮಾರಿದ ದುಡ್ಡು ಸೇರಿಸಿ ಮನೆ ಕಟ್ಟಿಸಿದವರು. ಪಾಯ, ತಾರಸಿ, ಬೋರ್‌ವೆಲ್ ಎಲ್ಲವನ್ನೂ ಮೇಸ್ತ್ರಿಗೆ ಬಿಟ್ಟು ತೆಪ್ಪಗಿದ್ದವರು, ಒಳಗೋಡೆಯ ಬಣ್ಣದ ಮಾತು ಬಂದದ್ದೇ ಎದ್ದು ಕೂರುತ್ತಾರೆ. ಬೇಕಾದ್ದು ತಿಳಿ ಹಸಿರು. "ಹಸಿರು ಅಂತ ಅನ್ನಿಸಬಾರದು ಕಣಪ್ಪಾ, ಆದ್ರೆ ಹಸಿರಾಗಿರ್ಬೇಕು." ಪೇಂಟರ್ "ಆಯ್ತು ಸಾರ್" ಎಂದು ತಲೆಯಾಡಿಸುತ್ತಾನೆ. ಅವನ ಲೆಕ್ಕದಲ್ಲಿ ಹಸಿರು ಇರುವುದೇ ಎರಡು: ಪಿಸ್ತಾ, ಗಿಳಿ ಹಸಿರು.

ಹಿಂದೆ ಸೀಮೆಸುಣ್ಣ ಇರುತ್ತಿದ್ದ ಜೇಬಿನಲ್ಲಿ ಈಗ ಶೇಡ್ ಕಾರ್ಡ್. ಹೆಂಡತಿ ಅವರೆಕಾಳು ಹಿತುಕುತ್ತಾ ಕೂತರೆ ಒಂದು ಬೇಳೆ ಎತ್ತಿ ಕಾರ್ಡಿನ ಮೇಲಿಟ್ಟು ಕಣ್ಣು ಕಿರಿದು ಮಾಡುತ್ತಾರೆ. "ರೀ, ಅದು ಸಾರಿಗೆ!" ಎಂದು ಆಕೆ ಕಿತ್ತುಕೊಳ್ಳಬೇಕು. ಮೊದಲು ಬಳಿಸಿದ ಮಾದರಿಯನ್ನು ಆಕೆ ಒಂದೇ ನೋಟಕ್ಕೆ ಮುಗಿಸಿದ್ದರು: "ಸರ್ಕಾರಿ ಆಸ್ಪತ್ರೆ ಥರಾನೇ ಇದೆ. ಒಂದು ಗ್ಲೂಕೋಸ್ ಸ್ಟ್ಯಾಂಡ್ ತಂದಿಡಿ, ಸಾಕು."

ಮೇಷ್ಟ್ರ ಶಾಸ್ತ್ರವೇನೂ ಸುಳ್ಳಲ್ಲ, ಹೇಳಬೇಕು. ಕಾರ್ಡಿನ ಚೂರಿನಲ್ಲಿ ಸೌಮ್ಯವಾಗಿ ಕಂಡದ್ದು ಕೋಣೆ ತುಂಬಾ ಬಳಿದಾಗ ಗಾಢವಾಗುತ್ತದೆ; ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ಹೊಡೆಯುತ್ತದಲ್ಲ. ಎಮಲ್ಷನ್ ಒಣಗುವವರೆಗೂ ತೀರ್ಪು ಕೊಡಬಾರದು. ಬೆಳಗಿನ ಬಿಸಿಲಿನ ಹಸಿರು ಟ್ಯೂಬ್‌ಲೈಟಿನಲ್ಲಿ ಬೇರೆಯೇ ಜಾತಿ. ಸಾಲದ್ದಕ್ಕೆ, ಹಳೇ ಮನೆಯ ನೆನಪಿಗೆಂದು ನೆಲಕ್ಕೆ ರೆಡ್ ಆಕ್ಸೈಡ್ ಹಾಕಿಸಿದ್ದರು. ಕೆಂಪಿನ ಪಕ್ಕ ನಿಂತರೆ ಎಂಥ ಸಂಕೋಚದ ಹಸಿರೂ ಎದೆ ಸೆಟೆಸುತ್ತದೆ. ಹೀಗೆ ಮೇಷ್ಟ್ರು ನಂಬರು ಬದಲಿಸುತ್ತಾ ಹೋದಂತೆ ಗೋಡೆಯ ಮೇಲೆ ತೇಪೆಗಳು ಹೆಚ್ಚಿದವು.

ಕೊನೆಗೊಂದು ದಿನ ಪೇಂಟರನನ್ನು ಕರೆದರು. "ಕೂಲಿ ಕೊಡ್ತೀನಿ, ಬಾ. ಬಣ್ಣ ತೋರಿಸ್ತೀನಿ." ಕರೆದುಕೊಂಡು ಹೋದದ್ದು ಹಳೇಬೀಡಿಗೆ! ಊರಲ್ಲೇ 1220ರ ಶಿವಾಲಯ ಇದೆಯಲ್ಲ ಸಾರ್ ಎಂದರೆ, "ಅದು ನೋಡಾಯ್ತು, ಸ್ವಲ್ಪ ಬೂದಿ."

ಹೊಯ್ಸಳೇಶ್ವರನ ಗೋಡೆಯ ಬುಡದ ಆನೆಸಾಲಿನ ಮುಂದೆ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು, ಒಂದು ಆನೆಯ ಹೊಟ್ಟೆಯ ಹತ್ತಿರ ಕಾರ್ಡ್ ಹಿಡಿದರು. "ಬಳಪದ ಕಲ್ಲು. ಕ್ಲೋರೈಟ್ ಅನ್ನೋ ಖನಿಜ ಇದೆ, ಅದಕ್ಕೇ ಈ ಹಸಿರು ಛಾಯೆ. ಭೂಮಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಗಟ್ಟಿಯಾಗುತ್ತೆ." ಕಾವಲುಗಾರ ಓಡಿ ಬಂದ. "ಏನ್ರೀ ಬಳೀತಿದ್ದೀರಿ? ಯುನೆಸ್ಕೋ ಆಗಿದೆ, ಮುಟ್ಟಬೇಡಿ!" "ಬಳೀತಿಲ್ಲಪ್ಪ, ಹೊಂದಿಸ್ತಿದ್ದೀನಿ" ಎಂದರು ಮೇಷ್ಟ್ರು.

ಬಿಸಿಲಿನ ಆನೆಗೆ ಒಂದು ನಂಬರು ಹೊಂದಿತು, ನೆರಳಿನ ಆನೆಗೆ ಇನ್ನೊಂದು. ನಿರ್ಧಾರಕ್ಕೆಂದು ಹದಿನಾರು ಕಿಲೋಮೀಟರು ಆಚೆಯ ಬೇಲೂರಿಗೆ ಹೋದರೆ, ಚೆನ್ನಕೇಶವನ ನವರಂಗದ ಕಡೆದ ಕಂಬಗಳು ಹೆಚ್ಚುಕಮ್ಮಿ ಕರಿ. ಪೇಂಟರ್‌ಗೆ ತಡೆಯಲಾಗಲಿಲ್ಲ. "ಸಾರ್, ಇವರೂ ಒಂದೇ ಶೇಡ್‌ನಲ್ಲಿ ಮುಗಿಸಿಲ್ವಲ್ಲ." ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. "ನೀನು ಏಳು ವರ್ಷ ಗ್ಯಾರಂಟಿ ಅಂತೀಯ. ಇದು ವಿಷ್ಣುವರ್ಧನ 1117ರಲ್ಲಿ ಮಾಡಿಸಿದ್ದು. ಎಲ್ಲಾದ್ರೂ ಚಕ್ಕೆ ಎದ್ದಿದೆಯಾ, ತೋರಿಸು?"

ನೆರಳಿನ ಆನೆಯೇ ಗೆದ್ದಿತು. ಅದಕ್ಕಿಂತ ಒಂದು ಮೆಟ್ಟಿಲು ತಿಳಿ, ಕೆಂಪು ನೆಲದ ಲೆಕ್ಕಕ್ಕೆ ಇನ್ನೊಂದು ಮೆಟ್ಟಿಲು ತಿಳಿ, ಮನೆಯವರ ಸಮಾಧಾನಕ್ಕೆ ಮತ್ತೊಂದು.

ಮಾಘದಲ್ಲಿ ಗೃಹಪ್ರವೇಶ. ತಿಪಟೂರಿನ ಷಡ್ಡಕರು ಎಲೆ ಮುಂದೆ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಸುತ್ತ ನೋಡಿ ಕೇಳಿದರು: "ಪ್ರೈಮರ್ ಚೆನ್ನಾಗಿ ಕೂತಿದೆ. ಬಣ್ಣ ಯಾವಾಗ ಹೊಡೆಸ್ತೀರಿ?"

ಮೇಷ್ಟ್ರ ಮುಖ ಅರಳಿತು. ಜೇಬಿನಿಂದ ಕಾರ್ಡ್ ತೆಗೆದು, ಷಡ್ಡಕರ ಎಡಗೈ ಹಿಡಿದು ಎಬ್ಬಿಸಿದರು. "ಬನ್ನಿ ಬನ್ನಿ, ಕಿಟಕಿ ಹತ್ರ ಬನ್ನಿ. ಹೋಳಿಗೆ ಎಲ್ಲಿಗೂ ಹೋಗಲ್ಲ."